ಗರಡಿಯ ಆಯ್ಕೆ: ಕನ್ನಡ ನಾಡಿನ ಮಲ್ಲವಿದ್ಯಾಶಾಲೆಗಳ ಚರಿತ್ರೆಯಲ್ಲಿ ಗುರು ಮತ್ತು ಹೊಸ ಶಿಷ್ಯ

ಮಲ್ಲವಿದ್ಯೆಯನ್ನು ಕಲಿಯಬೇಕೆಂದು ಹೊರಟ ತರುಣನು ಯಾವ ಶಾಲೆಯನ್ನು ಸೇರಬೇಕು, ಒಳ್ಳೆಯ ಶಾಲೆಯನ್ನು ಯಾವ ಕುರುಹುಗಳಿಂದ ಗುರುತಿಸಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಇಂದಿನ ಕಾಲದ್ದೆಂದು ತೋರುತ್ತದೆ. ಪಟ್ಟಣದ ಬೀದಿಬೀದಿಗಳಲ್ಲಿ ನಾನಾ ಹೆಸರಿನ ಶಾಲೆಗಳು ಫಲಕ ತೂಗಹಾಕಿಕೊಂಡು ಶಿಷ್ಯರನ್ನು ಕರೆಯುತ್ತಿರುವ ದಿನಗಳಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜವೇ. ಆದರೆ ನಮ್ಮ ನಾಡಿನ ಗರಡಿಗಳ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಶಾಲೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಯಾವಾಗಲೂ ಯಾರದೋ ಒಬ್ಬರದಾಗಿಯೇ ಇದ್ದಿತು; ಆ ಹೊಣೆಗಾರರು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದರು. ಮೊದಲು ಅರಸನು, ಅನಂತರ ಕುಲ, ಆಮೇಲೆ ಕೇರಿಯ ಜನ, ಕಡೆಗೆ ಏನೂ ಅರಿಯದ ಹೊಸ ಶಿಷ್ಯನೇ ಆ ಭಾರವನ್ನು ಹೊರಬೇಕಾಯಿತು. ಈ ಪರಿವರ್ತನೆಯ ಸ್ಥೂಲರೂಪವನ್ನು ನಿರೂಪಿಸಿ, ಹಿಂದಿನವರು ಬಳಸುತ್ತಿದ್ದ ಅಳತೆಗೋಲುಗಳಲ್ಲಿ ಇಂದಿಗೂ ಸಲ್ಲುವಂತಹವು ಯಾವುವೆಂದು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

೧. ಅರಸನ ಹೊಣೆ

ಕರ್ನಾಟಕದಲ್ಲಿ ಮಲ್ಲರ ಶಿಕ್ಷಣವನ್ನು ಕುರಿತು ಕ್ರಮಬದ್ಧವಾಗಿ ಹೇಳುವ ಪ್ರಾಚೀನ ಗ್ರಂಥವೆಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಇದರ ಮತ್ತೊಂದು ಹೆಸರು. ಸುಮಾರು ಕ್ರಿ.ಶ. ೧೧೨೯ರಲ್ಲಿ ರಚಿತವಾಯಿತೆಂದು ವಿದ್ವಾಂಸರು ಹೇಳುವ ಈ ಸಂಸ್ಕೃತ ಗ್ರಂಥವು ನೂರು ಅಧ್ಯಾಯಗಳ ವಿಶ್ವಕೋಶ. ಅದರ ವಿನೋದಗಳ ಭಾಗದಲ್ಲಿ 'ಮಲ್ಲವಿನೋದ' ಎಂಬ ಅಧ್ಯಾಯವೊಂದುಂಟು. ಅಧ್ಯಾಯದ ಹೆಸರು ವಿನೋದವೆಂದಿದ್ದರೂ ಅದರಲ್ಲಿ ಬರುವ ವಿಷಯ ಕೇವಲ ನೋಡಿ ನಲಿಯುವುದಕ್ಕೆ ಸಂಬಂಧಿಸಿದ್ದಲ್ಲ. ಮಲ್ಲರನ್ನು ಹೇಗೆ ವಿಂಗಡಿಸಬೇಕು, ಹೇಗೆ ಪೋಷಿಸಬೇಕು, ಹೇಗೆ ಪಳಗಿಸಬೇಕು ಎಂಬುದೂ ಅಲ್ಲಿದೆ.

ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆಗಳು. ಇವು ದೇಹದ ಪ್ರಮಾಣ, ಬಲ, ವಿದ್ಯೆ ಇವುಗಳನ್ನು ಅನುಸರಿಸಿ ಮಾಡಿದವು. ಇದರ ಜೊತೆಗೆ ವಯಸ್ಸನ್ನು ಅನುಸರಿಸಿದ ವಿಭಾಗವೂ ಇದೆ. ಇಪ್ಪತ್ತು ವರ್ಷದವರೆಗಿನವನು 'ಭವಿಷ್ಣು', ಎಂದರೆ ಮುಂದೆ ಆಗಬೇಕಾದವನು. ಮೂವತ್ತರವರೆಗಿನವನು 'ಪ್ರರೂಢ', ಎಂದರೆ ಬೆಳೆದು ನಿಂತವನು. ನಮ್ಮ ವಿಷಯಕ್ಕೆ ಈ 'ಭವಿಷ್ಣು' ಶಬ್ದ ಬಹಳ ಮುಖ್ಯವಾದುದು. ಹೊಸದಾಗಿ ಕಲಿಯುವವನಿಗೆ ಒಂದು ಪ್ರತ್ಯೇಕವಾದ ಹೆಸರೂ ಪ್ರತ್ಯೇಕವಾದ ಸ್ಥಾನವೂ ಇದ್ದವು ಎಂಬುದು ಇದರಿಂದ ತಿಳಿದುಬರುತ್ತದೆ. ಅವನನ್ನು ಅರೆಬೆಂದ ಮಲ್ಲನೆಂದು ಕರೆಯಲಿಲ್ಲ. ಆಗಲಿರುವ ಮಲ್ಲನೆಂದು ಕರೆದರು.

ಅಭ್ಯಾಸದ ಕ್ರಮವನ್ನು ಸೋಮೇಶ್ವರನು 'ಶ್ರಮ' ಎಂಬ ಮಾತಿನಿಂದ ಸೂಚಿಸುತ್ತಾನೆ. ಭಾರವನ್ನು ಎತ್ತುವುದು ಭಾರಶ್ರಮ, ನಡೆದು ಓಡಿ ಉಸಿರನ್ನು ಬಲಪಡಿಸಿಕೊಳ್ಳುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಸೆಣಸುವುದು ಬಾಹುಪೆಲ್ಲಣಕ ಶ್ರಮ, ಕಂಬವನ್ನು ಆಶ್ರಯಿಸಿ ಮಾಡುವುದು ಸ್ತಂಭಶ್ರಮ. ಇವುಗಳಲ್ಲಿ ಕಡೆಯದು ಇಂದಿನ ಮಲ್ಲಕಂಬದ ಪೂರ್ವರೂಪವಾಗಿರಬೇಕೆಂದು ಹಲವರ ಅಭಿಪ್ರಾಯ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಈ ಐದು ಶ್ರಮಗಳಲ್ಲಿ ನಾಲ್ಕು ಎದುರಾಳಿಯಿಲ್ಲದೆ ಮಾಡತಕ್ಕವು. ಬಿದ್ದು ಏಳುವ ಕಾಳಗಕ್ಕೆ ಮೊದಲು ದೇಹವನ್ನು ಹದಗೊಳಿಸಬೇಕೆಂಬ ತತ್ತ್ವವನ್ನು ಅಂದಿನವರು ಚೆನ್ನಾಗಿ ಬಲ್ಲವರಾಗಿದ್ದರು.

ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಸಿಹಿತಿಂಡಿ ಇವುಗಳನ್ನು ಮಲ್ಲರಿಗೆ ಒದಗಿಸುವುದು ಅರಸನ ಕರ್ತವ್ಯವೆಂದು ಗ್ರಂಥ ಹೇಳುತ್ತದೆ. ಎಂದ ಮೇಲೆ ಅಂದಿನ ಭವಿಷ್ಣುವಿಗೆ ಶಾಲೆಯನ್ನು ಆರಿಸುವ ಪ್ರಮೇಯವೇ ಇರಲಿಲ್ಲವೆಂದು ಊಹಿಸಬಹುದು. ಅನ್ನ ಅರಸನದು, ಅಖಾಡ ಅರಸನದು, ಗುರು ಅರಸನು ಗೊತ್ತುಮಾಡಿದವನು. ಕಳಪೆಯಾದ ಗುರುವಿನಿಂದ ನಷ್ಟವಾಗುತ್ತಿದ್ದುದು ಅರಸನ ಬೊಕ್ಕಸಕ್ಕೆ ಮತ್ತು ಅವನ ಪ್ರತಿಷ್ಠೆಗೆ. ಆದುದರಿಂದ ಗುರುವಿನ ಪರೀಕ್ಷೆಯನ್ನು ಅರಸನೇ ಮಾಡಬೇಕಾಗಿತ್ತು.

ವಿಜಯನಗರದ ಕಾಲಕ್ಕೆ ಬಂದಾಗ ಇದೇ ಏರ್ಪಾಡು ಇನ್ನೂ ದೊಡ್ಡ ಪ್ರಮಾಣದಲ್ಲಿ ಕಂಡುಬರುತ್ತದೆ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ವರ್ಣಿಸಿದ್ದಾನೆ. ರಾಯನು ಬೆಳಗಾಗುವುದಕ್ಕೆ ಮುಂಚೆ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಎಣ್ಣೆ ತೀಡಿಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತಿ, ಕತ್ತಿವರಸೆ ಮಾಡಿ, ಎಣ್ಣೆಯೆಲ್ಲ ಬೆವರಾಗಿ ಹರಿದ ಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಸೆಣಸುತ್ತಿದ್ದನು. ಅನಂತರ ಕುದುರೆ ಏರುತ್ತಿದ್ದನು. ಸೋಮೇಶ್ವರನು ಹೇಳಿದ ಕ್ರಮವೇ ಇಲ್ಲಿಯೂ ಇದೆ: ಮೊದಲು ಶ್ರಮ, ಆಮೇಲೆ ಸೆಣಸಾಟ. ಅರಸನಾದವನಿಗೂ ಈ ಕ್ರಮದಲ್ಲಿ ವಿನಾಯಿತಿ ಇರಲಿಲ್ಲ.

ಪಾಯೆಸನ ಬಳಿಕ, ಅಚ್ಯುತರಾಯನ ಕಾಲದಲ್ಲಿ ಬರೆದ ಫೆರ್ನಾವೊ ನೂನಿಜನು ಮಹಾನವಮಿಯ ಉತ್ಸವಕ್ಕಾಗಿ ಅರಸನು ಸಾವಿರ ಮಂದಿ ಮಲ್ಲರನ್ನು ಇಟ್ಟಿದ್ದನೆಂದೂ, ಅವರು ಮುಳ್ಳುಗಳುಳ್ಳ ಬಳೆಯಂತಹ ಸಾಧನವನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರೆಂದೂ, ಅವರಿಗೊಬ್ಬ ನಾಯಕನಿದ್ದನೆಂದೂ, ಅವರಿಗೆ ರಾಜ್ಯದಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲವೆಂದೂ ತಿಳಿಸುತ್ತಾನೆ. ಹೆಚ್ಚು ಗಾಯಗೊಂಡವನಿಗೆ ರೇಷ್ಮೆಯ ವಸ್ತ್ರ ಬಹುಮಾನವಾಗಿ ದೊರೆಯುತ್ತಿತ್ತಂತೆ. ರಾಜಾಶ್ರಯದ ಹಿರಿಮೆಯೂ ಕ್ರೌರ್ಯವೂ ಈ ಒಂದು ವಿವರದಲ್ಲಿ ಒಟ್ಟಿಗೆ ಅಡಗಿವೆ. ಪಾಯೆಸನು ಕಂಡ ಕಾಳಗಗಳಲ್ಲಿ ಹಲ್ಲು ಮುರಿಯುತ್ತಿದ್ದವು, ಕಣ್ಣು ಹೋಗುತ್ತಿದ್ದವು. ಅರಸನು ಪೋಷಿಸಿದ ಶಾಲೆ ಉತ್ತಮ ಮಲ್ಲನನ್ನು ತಯಾರಿಸುತ್ತಿದ್ದುದು ನಿಜ. ಆದರೆ ಆ ಮಲ್ಲನ ದೇಹ ಅವನದಾಗಿರದೆ ಉತ್ಸವದ ಸೊತ್ತಾಗಿತ್ತೆಂಬುದನ್ನು ಮರೆಯಲಾಗದು.

೨. ಕುಲದ ಹೊಣೆ

ಮೈಸೂರು ಸಂಸ್ಥಾನದಲ್ಲಿ ಈ ಪರಂಪರೆಯನ್ನು ಮುಂದುವರಿಸಿದವರು ಜಟ್ಟಿಗಳು. 'ಜ್ಯೇಷ್ಠಿ' ಶಬ್ದವೇ ಜಟ್ಟಿ ಅಥವಾ ಜೆಟ್ಟಿ ಎಂದಾಗಿರುವುದು. ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲರೊಡನೆ ಇವರಿಗೆ ಸಂಬಂಧವುಂಟೆಂಬುದು ಪ್ರತೀತಿ. ನಿಂಬಜಾದೇವಿ ಇಬ್ಬರಿಗೂ ಆರಾಧ್ಯದೈವ. ಜ್ಯೇಷ್ಠಿಮಲ್ಲರಿಗೆ 'ಮಲ್ಲಪುರಾಣ'ವೆಂಬ ತಮ್ಮದೇ ಆದ ಒಂದು ಗ್ರಂಥವೂ ಇದೆ. ಸಾಂಡೇಸರಾ ಮತ್ತು ಮೆಹತಾ ಅವರು ಸಂಪಾದಿಸಿದ ಇದರ ಮುದ್ರಿತ ಪಾಠ ಬರೋಡೆಯಿಂದ ೧೯೬೪ರಲ್ಲಿ ಹೊರಬಂದಿತು. ಮಲ್ಲರ ಲಕ್ಷಣ, ವ್ಯಾಯಾಮದ ಭೇದಗಳು, ಅಖಾಡದ ನೆಲವನ್ನು ಸಿದ್ಧಗೊಳಿಸುವ ವಿಧಾನ, ಯಾವ ಋತುವಿನಲ್ಲಿ ಯಾವ ಆಹಾರ ಎಂಬ ವಿವರಗಳನ್ನು ಅದು ಕೊಡುತ್ತದೆ. ಅರಮನೆಯಲ್ಲಿ ದೊರೆಯ ಅಪ್ಪಣೆಯಿಂದ ನಡೆಯುತ್ತಿದ್ದುದು ಇಲ್ಲಿ ಕುಲದ ಧರ್ಮವಾಗಿ ಪರಿಣಮಿಸಿದೆ.

ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಹಾನವಮಿಯ ಉತ್ಸವವನ್ನು ಆರಂಭಿಸಿ ವಿಜಯನಗರದ ಸಂಪ್ರದಾಯಕ್ಕೆ ಹೊಸ ನೆಲೆಯನ್ನು ಒದಗಿಸಿದರು. ಈ ಉತ್ಸವದ ಅಂಗವಾಗಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಮೈಸೂರಿನಲ್ಲಿ ಇಂದಿಗೂ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜರಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚರಿತ್ರೆಕಾರ ಮಾರ್ಕ್ ವಿಲ್ಕ್ಸನು ಈ ಕಾಳಗವನ್ನು ವರ್ಣಿಸಿದ್ದಾನೆ. ಜಟ್ಟಿಗಳ ಬಲಗೈಯ ಆಯುಧ ಎಮ್ಮೆಯ ಕೊಂಬಿನಿಂದ ಮಾಡಿದ್ದು. ಬೆರಳಿನ ಗೆಣ್ಣುಗಳಂತೆ ನಾಲ್ಕು ಮೊನೆಗಳುಳ್ಳದ್ದು. ನೂನಿಜನು ಹೇಳಿದ ಸಾಧನಕ್ಕೂ ಇದಕ್ಕೂ ಇರುವ ಹೋಲಿಕೆ ಸ್ಪಷ್ಟವಾಗಿದೆ.

ಆದರೆ ಒಂದು ಮುಖ್ಯವಾದ ವ್ಯತ್ಯಾಸವೂ ಉಂಟು. ಇಂದು ಉಳಿದುಬಂದಿರುವ ವಜ್ರಮುಷ್ಟಿಯಲ್ಲಿ ಬೋಳಿಸಿದ ತಲೆಯ ಮೇಲೆ ಮೊದಲ ರಕ್ತ ಕಾಣಿಸಿಕೊಂಡ ಕೂಡಲೆ ಹಿರಿಯರು ನಡುವೆ ಬಂದು ಕಾಳಗವನ್ನು ನಿಲ್ಲಿಸುತ್ತಾರೆ. ಹೊಡೆತ ಎಲ್ಲಿ ಆರಂಭವಾಗಬೇಕೆಂಬುದಕ್ಕಿಂತ ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವನೇ ಇಲ್ಲಿ ಗುರು. ಜಟ್ಟಿಗಳು ಮೈ ತಿಕ್ಕುವುದರಲ್ಲಿಯೂ ತಪ್ಪಿದ ಕೀಲನ್ನು ಕೂಡಿಸುವುದರಲ್ಲಿಯೂ ನಿಪುಣರೆಂದು ಹೆಸರಾಗಿದ್ದುದು ಆಕಸ್ಮಿಕವಲ್ಲ. ಮುರಿಯಬಲ್ಲ ಕೈಗೆ ಕೂಡಿಸುವ ವಿದ್ಯೆಯೂ ತಿಳಿದಿರಬೇಕೆಂಬ ಮರ್ಯಾದೆ ಆ ಕುಲದಲ್ಲಿ ಬೆಳೆದುಬಂದಿತ್ತು.

ಕುಲವೇ ಶಾಲೆಯಾದಾಗ ಗುರು ಶಿಷ್ಯನಿಗೆ ತಂದೆಯೋ ಸೋದರಮಾವನೋ ದೊಡ್ಡಪ್ಪನೋ ಆಗಿರುತ್ತಾನೆ. ಮೋಸಮಾಡುವ ಗುರುವಿನ ಭಯ ಅಲ್ಲಿಲ್ಲ. ಆದರೆ ಕುಲದ ಹೊರಗಿನವನಿಗೆ ಬಾಗಿಲು ಮುಚ್ಚಿರುತ್ತದೆ. ಒಳ್ಳೆಯ ಶಾಲೆ ಯಾವುದೆಂಬ ಪ್ರಶ್ನೆಯ ಜೊತೆಗೆ ಅದು ಯಾರಿಗೆ ತೆರೆದಿದೆ ಎಂಬ ಪ್ರಶ್ನೆಯನ್ನೂ ಕೇಳಬೇಕೆಂಬುದಕ್ಕೆ ಮಹಾಭಾರತದ ಏಕಲವ್ಯನ ಕಥೆಗಿಂತ ಹಿರಿದಾದ ನಿದರ್ಶನ ಬೇಕಿಲ್ಲ. ಕುಮಾರವ್ಯಾಸನು 'ಗರುಡಿಯಾಚಾರ್ಯ'ನೆಂದು ಕರೆದ ದ್ರೋಣನ ಶಾಲೆ ಆ ಕಾಲದ ಶ್ರೇಷ್ಠ ಶಾಲೆಯಾಗಿದ್ದರೂ ಬೇಡರ ಹುಡುಗನಿಗೆ ಅದು ಶಾಲೆಯಾಗಲಿಲ್ಲ.

೩. ಕೇರಿಯ ಹೊಣೆ

ಅರಮನೆಯ ಮತ್ತು ಕುಲದ ಗೋಡೆಗಳಿಂದ ಮಲ್ಲವಿದ್ಯೆಯನ್ನು ಹೊರಕ್ಕೆ ತಂದ ಸಂಸ್ಥೆ ಊರ ಗರಡಿಮನೆ. ಮೈಸೂರು ಪ್ರಾಂತದಲ್ಲಿ ಗರಡಿಯೆಂದೂ ಉತ್ತರ ಕರ್ನಾಟಕದಲ್ಲಿ ಗರಡಿಮನೆ ಅಥವಾ ತಾಲೀಮು ಎಂದೂ ಹೆಸರು. ತುಳುನಾಡಿನಲ್ಲಿ ಈ ಶಬ್ದ ಬೇರೊಂದು ಹಾದಿ ಹಿಡಿದು, ವೀರರಾದ ಕೋಟಿ ಚೆನ್ನಯರ ಆರಾಧನೆಯ ಸ್ಥಾನಗಳಿಗೆ ಗರಡಿ ಎಂಬ ಹೆಸರು ನಿಂತಿದೆ. ವಿದ್ಯೆಯ ಮನೆ ವೀರರ ಗುಡಿಯೂ ಆಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಗರಡಿಯ ಪರಿಭಾಷೆಯೇ ಅದರ ಚರಿತ್ರೆಯನ್ನು ಹೇಳುತ್ತದೆ. ಪಟ್ಟು, ಸಾಮು, ಮಲ್ಲ, ಜಟ್ಟಿ ಎಂಬ ಮಾತುಗಳ ಪಕ್ಕದಲ್ಲಿಯೇ ಕುಸ್ತಿ, ಪೈಲ್ವಾನ, ಉಸ್ತಾದ್ ಎಂಬ ಪಾರಸಿ ಮೂಲದ ಮಾತುಗಳೂ ತಾಲೀಮು ಎಂಬ ಅರಬ್ಬಿ ಮೂಲದ ಮಾತೂ ಯಾವ ಬಿಗುಮಾನವೂ ಇಲ್ಲದೆ ಕುಳಿತಿವೆ. ಆಂಜನೇಯನ ಪಟಕ್ಕೆ ಕೈಮುಗಿದು ಮಟ್ಟಿಗೆ ಇಳಿಯುವ ಹುಡುಗನು ತನ್ನ ಗುರುವನ್ನು ಉಸ್ತಾದರೆಂದು ಕರೆಯುತ್ತಾನೆ. ಒಂದಕ್ಕಿಂತ ಹೆಚ್ಚು ಸಮುದಾಯಗಳು ಕೂಡಿ ಈ ವಿದ್ಯೆಯನ್ನು ಬೆಳೆಸಿದವೆಂಬುದಕ್ಕೆ ಇದಕ್ಕಿಂತ ಬಲವಾದ ಶಾಸನ ಬೇಕಾಗಿಲ್ಲ.

ಹಳೆಯ ಗರಡಿಮನೆಯ ರಚನೆಯಲ್ಲಿ ಕೆಲವು ಸಮಾನ ಲಕ್ಷಣಗಳಿವೆ. ಬಾಗಿಲು ತಗ್ಗಾಗಿರುತ್ತದೆ, ಒಳಗೆ ಬರುವವನು ಎಂತಹ ಬಲಶಾಲಿಯಾದರೂ ತಲೆಬಾಗಿಯೇ ಬರಬೇಕು. ಒಳಗೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ ಮುಂತಾದವನ್ನು ಬೆರೆಸಿ ಹದಮಾಡುತ್ತಾರೆ. ಗೋಡೆಯ ಬದಿಯಲ್ಲಿ ಗದೆ, ಕಲ್ಲುಗುಂಡು ಮುಂತಾದ ಸಾಧನಗಳು. ಹೊಸದಾಗಿ ಬಂದ ಹುಡುಗನಿಗೆ ಮೊದಲು ದೊರೆಯುವುದು ಪಟ್ಟುಗಳ ಪಾಠವಲ್ಲ. ಮಣ್ಣನ್ನು ಅಗೆದು ಮಗುಚುವ ಕೆಲಸ, ದಂಡ, ಬಸ್ಕಿ. ಮಣ್ಣು ಅಗೆಯುವುದನ್ನು ಹೊರಗಿನವರು ಚಾಕರಿಯೆಂದು ತಿಳಿಯಬಹುದು. ಆದರೆ ಅದರಿಂದ ತೋಳು, ಬೆನ್ನು, ಸೊಂಟಗಳಿಗೆ ಶ್ರಮ ದೊರೆಯುವುದರ ಜೊತೆಗೆ, ಬಿದ್ದಾಗ ಮೂಳೆ ಮುರಿಯದಂತೆ ನೆಲವೂ ಮೆತ್ತಗಾಗುತ್ತದೆ. ಸೋಮೇಶ್ವರನ ಭಾರಶ್ರಮವೇ ಇಲ್ಲಿ ಗುದ್ದಲಿಯ ರೂಪ ತಾಳಿದೆಯೆಂದರೆ ತಪ್ಪಾಗದು.

ಇಂತಹ ಗರಡಿಯ ಯೋಗ್ಯತೆಯನ್ನು ನಿರ್ಣಯಿಸುತ್ತಿದ್ದವರು ಕೇರಿಯ ಜನ. ಉಸ್ತಾದರು ಅದೇ ಕೇರಿಯಲ್ಲಿ ವಾಸಿಸುವವರು. ಅವರ ನಡೆನುಡಿ ಎಲ್ಲರಿಗೂ ಗೊತ್ತು. ಅವರ ಶಿಷ್ಯರು ಜಾತ್ರೆಯ ಕುಸ್ತಿಯಲ್ಲಿ ಎಲ್ಲರೆದುರಿಗೆ ಗೆಲ್ಲಬೇಕು, ಇಲ್ಲವೇ ಸೋಲಬೇಕು. ಅಖಾಡದ ಸುತ್ತ ನಿಂತ ಜನ ಎಷ್ಟು ಕಟುವಾದ ವಿಮರ್ಶಕರೆಂಬುದನ್ನು ನಮ್ಮ ಗಾದೆಗಳೇ ಸಾರುತ್ತವೆ. 'ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು' ಎಂಬ ಮಾತನ್ನು ಕಟ್ಟಿದವರು ನೆಪಗಳಿಗೆ ಮರುಳಾಗುವ ಜನರಲ್ಲ. ಹೀಗೆ ಗರಡಿಯ ಪರೀಕ್ಷೆ ಬಯಲಿನಲ್ಲಿ, ಹಗಲಿನಲ್ಲಿ, ವರ್ಷವರ್ಷವೂ ನಡೆಯುತ್ತಿತ್ತು. ಹೊಸ ಶಿಷ್ಯನು ಏನನ್ನೂ ಅರಿಯದಿದ್ದರೂ ಅವನ ಪರವಾಗಿ ಊರು ಅರಿತಿರುತ್ತಿತ್ತು.

ಈ ವ್ಯವಸ್ಥೆಯ ಕುಂದುಗಳನ್ನೂ ಹೇಳಬೇಕು. ಕೇರಿಯ ಗರಡಿ ಎಂದರೆ ಬಹುಮಟ್ಟಿಗೆ ಕೇರಿಯ ಜಾತಿಗಳ ಗರಡಿ. ಅಸ್ಪೃಶ್ಯರೆನಿಸಿಕೊಂಡವರಿಗೆ ಊರ ಬಾವಿಯಂತೆಯೇ ಊರ ಮಟ್ಟಿಯೂ ದೂರವಾಗಿದ್ದುದೇ ಹೆಚ್ಚು. ಹೆಣ್ಣುಮಕ್ಕಳಂತೂ ಹೊಸ್ತಿಲನ್ನೂ ದಾಟುವಂತಿರಲಿಲ್ಲ. ದಸರಾ ಕುಸ್ತಿಯಲ್ಲಿ ಇಂದು ಹೆಣ್ಣುಮಕ್ಕಳಿಗಾಗಿ 'ದಸರಾ ಕಿಶೋರಿ' ಎಂಬ ಪ್ರಶಸ್ತಿ ಇರುವುದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ಮಹತ್ತ್ವ ಅರಿವಾಗುತ್ತದೆ.

೪. ಹೊಣೆಯ ವರ್ಗಾವಣೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಬದಲಾವಣೆಯ ಚಿಹ್ನೆಗಳು ಕಾಣಿಸಿಕೊಂಡವು. ೧೮೯೬ರಲ್ಲಿ ಭಾರದ್ವಾಜರ 'ವ್ಯಾಯಾಮ ದೀಪಿಕೆ' ಬೆಂಗಳೂರಿನಲ್ಲಿ ಅಚ್ಚಾಯಿತು. ಗುರುಮುಖದಿಂದ ಮಾತ್ರ ಬರುತ್ತಿದ್ದ ದಂಡಗಳ ಕ್ರಮ ಪುಸ್ತಕದ ಪುಟಕ್ಕೆ ಇಳಿಯಿತು. ಮುಂದೆ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳುಹಿಸಿದರು. 'ಶಾಂತಲಾ' ಕಾದಂಬರಿಯ ಕರ್ತೃವಾಗಿ ಕನ್ನಡಿಗರು ಬಲ್ಲ ಇವರೇ ಆ ಕಾಲದ ಪ್ರಸಿದ್ಧ ಅಂಗಸಾಧಕರು. ಇಂತಹ ಶಾಲೆಗೆ ಸೇರುವವನು ಕೇರಿಯವನಾಗಿರಬೇಕಾಗಿಲ್ಲ. ಶುಲ್ಕ ಕೊಟ್ಟರೆ ಸಾಕು. ಬಾಗಿಲು ಅಗಲವಾಯಿತು. ಅದರೊಡನೆಯೇ ಶಾಲೆಯನ್ನು ಪರೀಕ್ಷಿಸುವ ಕೆಲಸ ಶುಲ್ಕ ಕೊಡುವವನ ಮೇಲೆ ಬಿದ್ದಿತು.

ಇತ್ತ ರಾಜಾಶ್ರಯವೂ ಕ್ಷೀಣಿಸಿತು. ೧೯೪೭ರಲ್ಲಿ ಸಂಸ್ಥಾನಗಳು ಭಾರತದ ಒಕ್ಕೂಟವನ್ನು ಸೇರಿದವು. ೧೯೭೧ರಲ್ಲಿ ರಾಜಧನವೂ ರದ್ದಾಯಿತು. ಇದೇ ಅವಧಿಯಲ್ಲಿ ಕುಸ್ತಿಯ ನೆಲವೇ ಬದಲಾಯಿತು. ಉತ್ತರ ಕರ್ನಾಟಕದ ಪೈಲ್ವಾನರಿಗೂ ಯಾತ್ರಾಸ್ಥಳದಂತಿದ್ದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ೧೯೧೨ರಲ್ಲಿ ಖಾಸಬಾಗ್ ಮೈದಾನವನ್ನು ಕಟ್ಟಿಸಿದ್ದರು. ಆ ಪರಂಪರೆಯಲ್ಲಿ ಬೆಳೆದ ಖಾಶಾಬಾ ಜಾಧವರು ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ತಮಗೆ ಹೊಸದಾದ ಚಾಪೆಯ ಮೇಲೆ ಸೆಣಸಿ ಆರನೆಯ ಸ್ಥಾನ ಪಡೆದರು. ನಾಲ್ಕು ವರ್ಷಗಳ ತರುವಾಯ, ೧೯೫೨ರಲ್ಲಿ, ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕವದು. ಆ ಪ್ರಯಾಣದ ವೆಚ್ಚಕ್ಕಾಗಿ ಅವರ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆಯಿಟ್ಟರೆಂಬುದು ಪ್ರಸಿದ್ಧವಾದ ಸಂಗತಿ. ಅರಸನ ಸ್ಥಾನದಲ್ಲಿ ಒಬ್ಬ ಅಧ್ಯಾಪಕ ನಿಂತನು. ಇದು ಈ ಲೇಖನದ ವಾಚಕರು ವಿಶೇಷವಾಗಿ ನೆನೆಯತಕ್ಕದ್ದು.

ಜಾಧವರ ಅನುಭವದಿಂದ ತಿಳಿಯುವ ಪಾಠವೊಂದಿದೆ. ಮಣ್ಣಿನ ಗರಡಿ ಹೆಚ್ಚೋ ಚಾಪೆಯ ಶಾಲೆ ಹೆಚ್ಚೋ ಎಂದು ವಾದಿಸುವುದು ನಿಷ್ಪ್ರಯೋಜಕ. ಯಾವ ಗುರಿಗೆ ಯಾವ ನೆಲ ಎಂಬುದನ್ನು ಗುರು ಶಿಷ್ಯನಿಗೆ ಮೊದಲೇ ತಿಳಿಸಬೇಕು. ಶಿಷ್ಯನೂ ಅದನ್ನು ಕೇಳಿ ತಿಳಿಯಬೇಕು.

೫. ಉಳಿದ ಅಳತೆಗೋಲುಗಳು

ಮೇಲಣ ವಿವೇಚನೆಯಿಂದ ಹೊಸ ಶಿಷ್ಯನಿಗೆ ಉಪಯುಕ್ತವಾದ ಕೆಲವು ತತ್ತ್ವಗಳನ್ನು ಸಂಗ್ರಹಿಸಬಹುದು.

ಮೊದಲನೆಯದು, ಶಾಲೆಯಲ್ಲಿ 'ಭವಿಷ್ಣು'ವಿಗೆ ಸ್ಥಾನವುಂಟೆ ಎಂಬುದು. ಬಂದ ದಿನವೇ ಹೊಸಬನನ್ನು ಹಳಬನ ಎದುರಿಗೆ ನಿಲ್ಲಿಸುವ ಶಾಲೆ ಅವನನ್ನು ಬೆಳೆಸುವುದಿಲ್ಲ, ಬಳಸಿಕೊಳ್ಳುತ್ತದೆ. ಎರಡನೆಯದು, ಶ್ರಮಕ್ಕೂ ಪಟ್ಟಿಗೂ ಇರುವ ಕ್ರಮ. ಹಲವು ಪಟ್ಟುಗಳನ್ನು ಕೆಲವೇ ದಿನಗಳಲ್ಲಿ ಕಲಿಸುವೆನೆಂಬ ಮಾತು ಸೋಮೇಶ್ವರನ ಕಾಲದಿಂದ ಬಂದ ಅನುಭವಕ್ಕೆ ವಿರುದ್ಧವಾದುದು. ಮೂರನೆಯದು, ಜೋಡಿಯ ಸಮಾನತೆ. ವಯಸ್ಸು, ದೇಹ, ಬಲಗಳನ್ನು ನೋಡಿ ಜೋಡಿ ಕಟ್ಟುವುದು ಗುರುವಿನ ವಿವೇಕಕ್ಕೆ ಸಾಕ್ಷಿ. ನಾಲ್ಕನೆಯದು, ನಿಲ್ಲಿಸುವ ಅಧಿಕಾರ. ಕಾಳಗವನ್ನು ಯಾರು, ಯಾವಾಗ ನಿಲ್ಲಿಸುತ್ತಾರೆ, ಗಾಯವಾದವನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಸ್ಪಷ್ಟವಾದ ಉತ್ತರವಿಲ್ಲದ ಶಾಲೆಯನ್ನು ಬಿಡುವುದೇ ಲೇಸು. ಐದನೆಯದು, ಬಯಲಿನ ಪರೀಕ್ಷೆ. ಗೋಡೆಯ ಮೇಲಣ ಪ್ರಶಸ್ತಿಪತ್ರಗಳಿಗಿಂತ ಹತ್ತು ವರ್ಷದ ಹಿಂದಿನ ಶಿಷ್ಯರು ಇಂದು ಹೇಗಿದ್ದಾರೆ, ಅವರು ಗುರುವನ್ನು ಹೇಗೆ ಮಾತನಾಡಿಸುತ್ತಾರೆ ಎಂಬುದು ಹೆಚ್ಚಿನ ಪ್ರಮಾಣ. ಆರನೆಯದೂ ಕಡೆಯದೂ ಆದುದು ಬಾಗಿಲಿನ ಪ್ರಶ್ನೆ. ಶಾಲೆ ಯಾರನ್ನು ಒಳಗೆ ಬಿಡುವುದಿಲ್ಲವೋ ಅದರಿಂದಲೂ ಶಾಲೆಯ ಗುಣ ತಿಳಿಯುತ್ತದೆ. ತಲೆಬಾಗಿ ಬರಲು ಮಾಡಿದ ತಗ್ಗಿನ ಬಾಗಿಲು ಒಂದು ಬಗೆಯದು. ಕೆಲವರನ್ನು ಹೊರಗಿಡಲು ಮುಚ್ಚಿದ ಬಾಗಿಲು ಮತ್ತೊಂದು ಬಗೆಯದು.

ಈ ಆರರಲ್ಲಿ ಮೊದಲ ನಾಲ್ಕನ್ನು ಹಿಂದೆ ಅರಸನೋ ಕುಲವೋ ನೋಡಿಕೊಳ್ಳುತ್ತಿತ್ತು. ಐದನೆಯದನ್ನು ಕೇರಿ ನೋಡಿಕೊಳ್ಳುತ್ತಿತ್ತು. ಆರನೆಯದನ್ನು ಬಹುಕಾಲ ಯಾರೂ ನೋಡಲಿಲ್ಲ. ಇಂದು ಆರನ್ನೂ ನೋಡಬೇಕಾದವನು ಹೊಸ ಶಿಷ್ಯ. ಅವನಿಗೆ ಅನುಭವವಿಲ್ಲ, ಅನುಭವ ಬರುವ ವೇಳೆಗೆ ಆಯ್ಕೆ ಮುಗಿದಿರುತ್ತದೆ. ಆದುದರಿಂದ ಅವನ ನೆರವಿಗೆ ಯಾರಾದರೂ ಬರಬೇಕು. ಊರಿನ ಕಾಲೇಜು ಆ ಕೆಲಸದಲ್ಲಿ ಒಂದಂಶವನ್ನಾದರೂ ವಹಿಸಿಕೊಳ್ಳಬಹುದು. ತಮ್ಮ ತಮ್ಮ ಊರುಗಳಲ್ಲಿ ಉಳಿದಿರುವ ಗರಡಿಮನೆಗಳ ಸ್ಥಳ, ರಚನೆ, ಗುರುಪರಂಪರೆ, ಅಭ್ಯಾಸಕ್ರಮ, ಪರಿಭಾಷೆ ಇವುಗಳನ್ನು ವಿದ್ಯಾರ್ಥಿಗಳು ಹಿರಿಯ ಉಸ್ತಾದರ ಬಾಯಿಂದಲೇ ಕೇಳಿ ಬರೆದಿಟ್ಟರೆ ಚರಿತ್ರೆಗೂ ಸಾಮಗ್ರಿ ದೊರೆಯುತ್ತದೆ, ಹೊಸದಾಗಿ ಕಲಿಯಬಯಸುವವನಿಗೂ ದಾರಿ ಕಾಣುತ್ತದೆ. ಮೈಸೂರಿನಂತಹ ನಗರದಲ್ಲಿಯೂ ಹಲವು ಗರಡಿಗಳು ಮುಚ್ಚಿ ಹೋಗಿ, ಉಳಿದವು ಬೆರಳೆಣಿಕೆಯ ಶಿಷ್ಯರಿಂದ ನಡೆಯುತ್ತಿವೆ. ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.